ನಾಲೆಯ ಚಿತ್ರ ಬರೆದವರು ಯಾರು? ಮನೆಗೆ ಬಂದ ಹಳೇ ಚಿತ್ರದ ಕಲಾವಿದರನ್ನು ಪತ್ತೆ ಮಾಡುವ ಸಮಗ್ರ ಮಾರ್ಗದರ್ಶಿ

ಅಜ್ಜನ ಮನೆ ಪಾಲಾದಾಗ ಒಂದು ಚಿತ್ರ ನಿಮ್ಮ ಪಾಲಿಗೆ ಬಂದಿದೆ. ಉದ್ದಕ್ಕೆ ಹರಿಯುವ ನಾಲೆ, ಏರಿ ಮೇಲೆ ಎತ್ತಿನ ಗಾಡಿ, ಆಚೆ ಗದ್ದೆ, ಹಿಂದೆ ಗುಡ್ಡ. ಮೂಲೆಯಲ್ಲಿ ಅರ್ಧ ಅಳಿಸಿದ ಸಹಿ. ಬರೆದವರು ಯಾರು ಅಂತ ಹುಡುಕಲು ಹೊರಟವರು ಹೆಚ್ಚಾಗಿ ಒಂದೇ ಜಾಗದಲ್ಲಿ ಸೋಲುತ್ತಾರೆ. ಸಹಿ ಕಾಣಲಿ ಅಂತ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಓದಲು ಬಂದಷ್ಟು ಹೆಸರನ್ನು ಗೂಗಲ್‌ಗೆ ಹಾಕುತ್ತಾರೆ. ಏನೂ ಸಿಗುವುದಿಲ್ಲ. ಅಷ್ಟರಲ್ಲಿ ಹಳೇ ಕಟ್ಟು (ಫ್ರೇಮು) ಬಿಚ್ಚಿ ಹೊಸದು ಹಾಕಿಸಿಯೂ ಆಗಿರುತ್ತದೆ. ಹಿಂದೆ ಅಂಟಿಸಿದ್ದ ಚೀಟಿ ಕಸದ ಬುಟ್ಟಿ ಸೇರಿರುತ್ತದೆ.

ಹುಡುಕಾಟ ಶುರುವಾಗಬೇಕಾದ್ದು ಚಿತ್ರದ ಬೆನ್ನಿನಿಂದ. ಆಮೇಲೆ ಮನೆಯ ಹಿರಿಯರು, ಆಮೇಲೆ ಜಾಗ, ಆಮೇಲೆ ಸಹಿ. ಇದಕ್ಕೆ ಕಾರಣವಿದೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಚಿತ್ರ ಬರೆದವರಲ್ಲಿ ಹೆಚ್ಚಿನವರಿಗೆ ಹೊಟ್ಟೆಪಾಡಿನ ಕೆಲಸ ಬೇರೆ ಇತ್ತು. ಡ್ರಾಯಿಂಗ್ ಮೇಷ್ಟ್ರು, ನಾಟಕದ ಪರದೆ ಬರೆಯುವವರು, ಬೋರ್ಡ್ ಬರೆಯುವವರು, ಸ್ಟುಡಿಯೊದಲ್ಲಿ ಫೋಟೊಗೆ ಬಣ್ಣ ತುಂಬುವವರು, ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆ ಬರೆಯುವವರು. ಅವರ ಹೆಸರು ಕಲೆಯ ಪುಸ್ತಕಗಳಲ್ಲಿ ಸಿಗುವುದು ಕಡಿಮೆ. ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ, ನಾಟಕದ ಕರಪತ್ರದಲ್ಲಿ, ಯಾರದೋ ಮದುವೆ ಆಲ್ಬಮ್ಮಿನಲ್ಲಿ ಸಿಗುತ್ತದೆ.

ಬೇಕಾಗುವ ಸಾಮಾನು

ಒಳ್ಳೆ ಕ್ಯಾಮೆರಾ ಇರುವ ಫೋನು, ಒಂದು ಟಾರ್ಚು, ಅಳತೆ ಟೇಪು, ಭೂತಗನ್ನಡಿ, ಒಗೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆ, ಮೃದುವಾದ ಒಣ ಬ್ರಷ್ಷು, ನೋಟ್‌ಬುಕ್, ಪೆನ್ಸಿಲ್. ಪೆನ್ನು ಬೇಡ, ಚಿತ್ರದ ಹತ್ತಿರ ಶಾಯಿ ಇರಲೇಬಾರದು. ಖೋಟಾ ನೋಟು ನೋಡಲು ಅಂಗಡಿಯವರು ಇಟ್ಟುಕೊಳ್ಳುವ ನೇರಳೆ ಬೆಳಕಿನ ಟಾರ್ಚ್ ಸಿಕ್ಕರೆ ಅದೂ ಇರಲಿ.

1. ಮುಟ್ಟುವ ಮೊದಲು ಫೋಟೊ ತೆಗೆಯಿರಿ

ಚಿತ್ರವನ್ನು ಗೋಡೆಯಿಂದ ಇಳಿಸುವ ಮೊದಲೇ ಒಂದು ಫೋಟೊ ತೆಗೆಯಿರಿ. ಯಾವ ಮನೆ, ಯಾವ ಗೋಡೆ, ಪಕ್ಕದಲ್ಲಿ ಏನಿತ್ತು ಅನ್ನುವುದೂ ಮುಂದೆ ಕೆಲಸಕ್ಕೆ ಬರುತ್ತದೆ. ಇಳಿಸಿದ ಮೇಲೆ ಬಿಳಿ ಬಟ್ಟೆ ಹಾಸಿ ಮಲಗಿಸಿ. ಕಿಟಕಿಯ ಬೆಳಕು ಸಾಕು, ಫ್ಲ್ಯಾಶ್ ಬೇಡ. ಗಾಜು ಹೊಳೆಯುತ್ತಿದ್ದರೆ ಚಿತ್ರವನ್ನು ಸ್ವಲ್ಪ ತಿರುಗಿಸಿ ನೋಡಿ. ಗಾಜು ತೆಗೆಯಲು ಹೋಗಬೇಡಿ.

ಪೂರ್ತಿ ಚಿತ್ರ, ನಾಲ್ಕು ಮೂಲೆ, ಸಹಿ, ಬೆನ್ನು, ಕಟ್ಟಿನ ಅಂಚು, ಮೊಳೆ, ನೇತುಹಾಕುವ ದಾರ ಅಥವಾ ತಂತಿ ಎಲ್ಲವನ್ನೂ ತೆಗೆದುಕೊಳ್ಳಿ. ನಂತರ ಕೋಣೆ ಕತ್ತಲು ಮಾಡಿ, ಟಾರ್ಚನ್ನು ಚಿತ್ರದ ಮಟ್ಟಕ್ಕೆ ಪಕ್ಕದಿಂದ ಹಿಡಿದು ಇನ್ನೊಮ್ಮೆ ತೆಗೆಯಿರಿ. ಅಡ್ಡ ಬೆಳಕಿನಲ್ಲಿ ಬ್ರಷ್ಷಿನ ಉಬ್ಬು, ಕೆಳಗೆ ಮುಚ್ಚಿಹೋದ ಗೆರೆ, ಅಳಿಸಿದ ಸಹಿಯ ಒತ್ತು ಎದ್ದು ಕಾಣುತ್ತವೆ.

ಇಲ್ಲಿ ಮಲೆನಾಡಿನವರಿಗೆ ಒಂದು ಮಾತು. ಮಳೆಗಾಲದಲ್ಲಿ ಹಳೇ ಕಟ್ಟು ಬಿಚ್ಚಬೇಡಿ. ಆಗ ಕಾಗದ ನೀರು ಕುಡಿದು ಮೆತ್ತಗಾಗಿರುತ್ತದೆ, ಬಣ್ಣ ಗಾಜಿಗೆ ಅಂಟಿರಬಹುದು. ಬಿಚ್ಚಲೇಬೇಕಿದ್ದರೆ ಜನವರಿಯಿಂದ ಮಾರ್ಚ್ ಒಳ್ಳೆ ಕಾಲ. ಬೂಸ್ಟು ಕಂಡರೆ ಒರೆಸಬೇಡಿ, ಒರೆಸಿದಷ್ಟೂ ಹರಡುತ್ತದೆ. ಗಾಳಿಯಾಡುವ ಒಣ ಕೋಣೆಯಲ್ಲಿ, ಬಿಸಿಲು ನೇರವಾಗಿ ಬೀಳದ ಕಡೆ ಇಡಿ. ಬಣ್ಣ ಚಕ್ಕೆ ಏಳುತ್ತಿದ್ದರೆ, ಗೆದ್ದಲು ಹತ್ತಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯವಿದೆ, ಬೆಂಗಳೂರಿನಲ್ಲಿ ಪರಂಪರೆ ಉಳಿಸುವ ಕೆಲಸ ಮಾಡುವ ಇನ್‌ಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ. ಅಂಥವರನ್ನು ಕೇಳಿಯೇ ಮುಂದುವರಿಯಿರಿ.

2. ಬೆನ್ನು ಓದಿ

ನನ್ನ ಪ್ರಕಾರ ಅತಿ ಹೆಚ್ಚು ಸುಳಿವು ಸಿಗುವುದು ಇಲ್ಲೇ. ಆತುರ ಬೇಡ.

ಕಟ್ಟು ಹಾಕಿದ ಅಂಗಡಿಯ ಚೀಟಿ ಇದೆಯಾ ನೋಡಿ. ವಿಳಾಸದಲ್ಲಿ ‘ಮೈಸೂರು ರಾಜ್ಯ’ ಅಂತಿದ್ದರೆ ಚೀಟಿ ಅಚ್ಚಾದದ್ದು 1973ರ ನವೆಂಬರ್ 1ಕ್ಕಿಂತ ಮೊದಲು ಇರಬೇಕು. ಅಂದೇ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಯಿತು. ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಬೆಲೆ ಆಣೆಯಲ್ಲಿದ್ದರೆ 1957ರ ಹಿಂದಿನದ್ದಿರಬಹುದು. ಆದರೆ ನಯಾಪೈಸೆ ಬಂದ ಮೇಲೂ ಕೆಲವು ಕಾಲ ಜನ ಆಣೆಯ ಲೆಕ್ಕವನ್ನೇ ಹೇಳುತ್ತಿದ್ದರು, ಹಾಗಾಗಿ ಇದೊಂದನ್ನೇ ನಂಬಬೇಡಿ. ಮೂರು ನಾಲ್ಕು ಅಂಕಿಯ ಫೋನ್ ನಂಬರ್ ಇದ್ದರೆ ಹಳೇದು, ಆರು ಅಂಕಿ ಆಮೇಲಿನದು. ಇಂಗ್ಲಿಷ್ ಅಕ್ಷರದಲ್ಲಿ ಊರಿನ ಹೆಸರು ‘ಶಿಮೊಗ’ ಅಂತಲೇ ಇದ್ದರೆ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಆ ರೂಪ ಸರ್ಕಾರಿ ಕಾಗದದಲ್ಲಿ 2014ರವರೆಗೂ ಇತ್ತು.

ಹಿಂದಿನ ರಟ್ಟಿನ ಕೆಳಗೆ ಹಳೇ ಪೇಪರ್ ಹಾಕುವುದು ಅಂಗಡಿಯವರ ರೂಢಿ. ಅಂಚಿನಲ್ಲಿ ಇಣುಕುತ್ತಿದ್ದರೆ ಅಕ್ಷರ ಓದಿ, ಎಳೆಯಬೇಡಿ. ಅದು ಪ್ರಜಾವಾಣಿ ಆಗಿದ್ದರೆ 1948ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ, ಕನ್ನಡಪ್ರಭ ಆಗಿದ್ದರೆ 1967ಕ್ಕಿಂತ ಹಿಂದಿನದಲ್ಲ. ಸಿನಿಮಾ ಜಾಹೀರಾತು, ಚುನಾವಣೆ ಸುದ್ದಿ ಕಂಡರೆ ವರ್ಷವೇ ಸಿಗುತ್ತದೆ. ಕಟ್ಟಿನ ಮೂಲೆಗೆ ಫೆವಿಕಾಲ್ ಥರದ ಬಿಳಿ ಅಂಟು ಹಾಕಿದ್ದರೂ ಗಮನಿಸಿ. ಫೆವಿಕಾಲ್ ಮಾರುಕಟ್ಟೆಗೆ ಬಂದದ್ದು 1959ರಲ್ಲಿ.

ಒಂದು ದೊಡ್ಡ ಎಚ್ಚರಿಕೆ: ಇವೆಲ್ಲ ಹೇಳುವುದು ಕಟ್ಟಿನ ವಯಸ್ಸು. ಚಿತ್ರ ಅದಕ್ಕಿಂತ ಹಳೇದಿರಬಹುದು. ಎರಡನೇ ಸಲ ಕಟ್ಟು ಹಾಕಿಸಿದ್ದರೆ ಅಂಚಿನಲ್ಲಿ ಹಳೇ ಮೊಳೆಯ ತೂತು ಉಳಿದಿರುತ್ತದೆ. ಚಿತ್ರವನ್ನು ಸ್ವಲ್ಪ ಕತ್ತರಿಸಿ ಹೊಸ ಕಟ್ಟಿಗೆ ಕೂರಿಸಿದ್ದೂ ಉಂಟು. ಬಣ್ಣ ಅಂಚಿನಲ್ಲಿ ತಟ್ಟನೆ ನಿಂತಿದ್ದರೆ ಆ ಅನುಮಾನ ಇಟ್ಟುಕೊಳ್ಳಿ. ಸಹಿಯೇ ಕತ್ತರಿಸಿ ಹೋಗಿರಬಹುದು.

ಪೆನ್ಸಿಲ್‌ನಲ್ಲಿ ಬರೆದ ಸಣ್ಣ ಸಾಲು, ಇಲಾಖೆಯ ಸೀಲು, ‘ಬೀಳ್ಕೊಡುಗೆಯ ನೆನಪಿಗೆ’ ಅನ್ನುವಂಥ ಮಾತು ಕಂಡರೆ ಅದನ್ನು ಅಕ್ಷರಕ್ಕೆ ಅಕ್ಷರ ನಕಲು ಮಾಡಿಕೊಳ್ಳಿ. ತಪ್ಪು ಕಾಗುಣಿತವಿದ್ದರೆ ತಿದ್ದಬೇಡಿ. ನಾಲೆ ಕೆಲಸ ಮುಗಿಸಿ ವರ್ಗವಾಗಿ ಹೋಗುವ ಎಂಜಿನಿಯರಿಗೆ, ನಿವೃತ್ತಿಯಾಗುವ ಓವರ್‌ಸಿಯರಿಗೆ ಕಚೇರಿಯವರೇ ಇಂಥ ಚಿತ್ರ ಬರೆಸಿ ಕೊಟ್ಟಿರಬಹುದು. ಹಾಗಿದ್ದರೆ ಬರೆದವರು ಆ ಕಚೇರಿಯ ಒಳಗೇ ಇದ್ದಿರಬಹುದು.

3. ಮನೆಯ ಹಿರಿಯರನ್ನು ಕೇಳಿ

‘ಇದನ್ನು ಬರೆದವರು ಯಾರು’ ಅಂತ ನೇರವಾಗಿ ಕೇಳಿದರೆ ‘ಗೊತ್ತಿಲ್ಲ ಮಗಾ’ ಅನ್ನುವ ಉತ್ತರ ಬರುತ್ತದೆ. ಮಾತು ಅಲ್ಲಿಗೇ ಮುಗಿಯುತ್ತದೆ. ಕೇಳುವ ರೀತಿ ಬೇರೆ ಇರಬೇಕು. ‘ಅಜ್ಜಿ, ನೀವು ಮದುವೆಯಾಗಿ ಈ ಮನೆಗೆ ಬಂದಾಗ ಈ ಚಿತ್ರ ಇತ್ತಾ?’ ‘ಜಗಲಿಯಲ್ಲಿತ್ತಾ, ಒಳಗಿತ್ತಾ?’ ‘ದೊಡ್ಡಪ್ಪ, ಅಜ್ಜ ಆಗ ಯಾವ ಊರಲ್ಲಿ ಕೆಲಸದಲ್ಲಿದ್ದರು? ಮನೆಗೆ ಯಾರು ಜಾಸ್ತಿ ಬರ್ತಿದ್ದರು?’ ಇಂಥ ಪ್ರಶ್ನೆಗೆ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ. ಎಲ್ಲರನ್ನೂ ಒಟ್ಟಿಗೆ ಕೂರಿಸಿದರೆ ಜೋರು ದನಿಯವರ ನೆನಪೇ ಎಲ್ಲರ ನೆನಪಾಗಿಬಿಡುತ್ತದೆ. ನೀವಾಗಿ ಯಾವ ಹೆಸರನ್ನೂ ಬಾಯಿಗೆ ಹಾಕಬೇಡಿ. ಅವರ ಒಪ್ಪಿಗೆ ಪಡೆದು ಮಾತು ರೆಕಾರ್ಡ್ ಮಾಡಿಕೊಳ್ಳಿ. ಅತ್ತೆಯಂದಿರನ್ನು, ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳನ್ನು ಬಿಡಬೇಡಿ. ಮನೆಯ ಗೋಡೆ, ಸಾಮಾನು ಅವರಿಗೆ ನೆನಪಿದ್ದಷ್ಟು ಗಂಡಸರಿಗೆ ಇರುವುದಿಲ್ಲ.

ಹಳೇ ಮದುವೆ, ನಾಮಕರಣದ ಫೋಟೊಗಳ ಹಿನ್ನೆಲೆಯನ್ನೂ ಹುಡುಕಿ. ತಾರೀಖು ಗೊತ್ತಿರುವ ಒಂದು ಫೋಟೊದಲ್ಲಿ ಈ ಚಿತ್ರ ಗೋಡೆ ಮೇಲೆ ಕಂಡರೆ, ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಬೇಕಿಲ್ಲ.

ಕುಟುಂಬ ಯಾವಾಗ ಎಲ್ಲಿಂದ ಬಂತು ಅನ್ನುವುದನ್ನೂ ಬರೆದುಕೊಳ್ಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಏರಿತು. ಎಷ್ಟೋ ಮನೆಯವರು ಮುಳುಗಡೆಯಾಗಿ ಶಿವಮೊಗ್ಗದ ಸುತ್ತಮುತ್ತ ಬಂದು ನೆಲೆಸಿದರು. ಅಂಥ ಮನೆಯ ಚಿತ್ರ ಹಳೇ ಊರಿನಿಂದ ಬಂತೋ, ಹೊಸ ಜಾಗದಲ್ಲಿ ಸಿಕ್ಕಿತೋ ಅನ್ನುವುದರ ಮೇಲೆ ಹುಡುಕಾಟದ ದಿಕ್ಕೇ ಬದಲಾಗುತ್ತದೆ.

4. ಯಾವ ನಾಲೆ ಅಂತ ಗೊತ್ತು ಮಾಡಿಕೊಳ್ಳಿ

ಮೊದಲು ಇದು ನಮ್ಮ ಕಡೆಯ ನಾಲೆಯೇ ಅಂತ ನೋಡಬೇಕು. ಅಚ್ಚಾದ ಚಿತ್ರ, ಕ್ಯಾಲೆಂಡರ್, ಪೋಸ್ಟ್‌ಕಾರ್ಡ್ ಮುಂದಿಟ್ಟುಕೊಂಡು ನಕಲು ಬರೆಯುವುದು ಆಗಿನ ಕಲಿಕೆಯ ಒಂದು ಭಾಗವೇ ಆಗಿತ್ತು. ವೆನಿಸ್ ನಗರದ ಕಾಲುವೆ, ಕೇರಳದ ಹಿನ್ನೀರು ಮಲೆನಾಡಿನ ಗೋಡೆಗೆ ಬಂದದ್ದು ಹಾಗೆ. ಚಿತ್ರದ ಫೋಟೊವನ್ನು ಗೂಗಲ್ ಲೆನ್ಸ್‌ಗೆ ಹಾಕಿ ನೋಡಿ. ಅದೇ ದೋಣಿ, ಅದೇ ಮರ ಬೇರೆಲ್ಲೋ ಕಂಡರೆ ನಿಮ್ಮದು ನಕಲು. ಬರೆದವರನ್ನು ಆಗಲೂ ಹುಡುಕಬಹುದು, ಜಾಗದ ದಾರಿ ಮಾತ್ರ ಮುಚ್ಚುತ್ತದೆ.

ನಮ್ಮ ಕಡೆಯದೇ ಆದರೆ ಮುಖ್ಯವಾಗಿ ನೋಡಬೇಕಾದವು ತುಂಗಾ ಮತ್ತು ಭದ್ರಾ ನಾಲೆಗಳು. ತುಂಗಾ ನಾಲೆಗಳು ಹೊರಡುವುದು ತೀರ್ಥಹಳ್ಳಿ ರಸ್ತೆಯ ಗಾಜನೂರಿನಿಂದ. ಅಲ್ಲಿ ಹಳೇ ಅಣೆಕಟ್ಟಿನ ಕೆಳಗೆ ತುಂಗಾ ಮೇಲ್ದಂಡೆ ಯೋಜನೆಯ ಹೊಸ ಅಣೆಕಟ್ಟು ಬಂದಿದೆ. ಚಿತ್ರದಲ್ಲಿ ನೀರು ತಗ್ಗು ಒಡ್ಡಿನ ಮೇಲೆ ಹರಿದು ಬೀಳುತ್ತಿದ್ದು, ದೊಡ್ಡ ಗೇಟುಗಳ ಸಾಲು ಇಲ್ಲದಿದ್ದರೆ ಅದು ಹಳೇ ನೋಟ ಇರಬಹುದು. ಭದ್ರಾ ಅಣೆಕಟ್ಟು ಇರುವುದು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿ ಬಳಿ. ಸ್ವಾತಂತ್ರ್ಯ ಬಂದ ಹೊತ್ತಿಗೆ ಶುರುವಾದ ಕೆಲಸ 1960ರ ದಶಕದಲ್ಲಿ ಮುಗಿಯಿತು. ಅದರ ಎಡದಂಡೆ ನಾಲೆ ಭದ್ರಾವತಿ, ಶಿವಮೊಗ್ಗ ಕಡೆಗೆ ಬರುತ್ತದೆ. ಬಲದಂಡೆ ನಾಲೆ ಚನ್ನಗಿರಿ, ದಾವಣಗೆರೆ ಕಡೆಗೆ ಹೋಗುತ್ತದೆ.

ಚನ್ನಗಿರಿ, ಹೊನ್ನಾಳಿ ಕಡೆಯವರು ಒಂದು ವಿಷಯ ಮರೆಯುತ್ತಾರೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೂ ಈ ಎರಡೂ ತಾಲ್ಲೂಕು ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಹಳೇ ಕಾಗದಪತ್ರ ಹುಡುಕುವಾಗ ಶಿವಮೊಗ್ಗದಲ್ಲೂ ವಿಚಾರಿಸಬೇಕು.

ಜಾಗಕ್ಕೆ ಹೋಗುವಾಗ ಗುಡ್ಡದ ಸಾಲನ್ನು ಆಧಾರ ಮಾಡಿಕೊಳ್ಳಿ. ಮರ ಕಡಿದಿರುತ್ತಾರೆ, ಗದ್ದೆ ಇದ್ದಲ್ಲಿ ಅಡಿಕೆ ತೋಟ ಆಗಿರುತ್ತದೆ, ಮಣ್ಣಿನ ಏರಿಗೆ ಕಾಂಕ್ರೀಟ್ ಬಂದಿರುತ್ತದೆ. ಗುಡ್ಡದ ಗೆರೆ ಹಾಗೇ ಇರುತ್ತದೆ. ತೂಬು, ಹಳ್ಳದ ಮೇಲೆ ನಾಲೆ ದಾಟಿಸುವ ಮೇಲ್ಗಾಲುವೆ, ಸೇತುವೆಯ ಕಮಾನು ಎಷ್ಟು ಅನ್ನುವುದನ್ನೂ ಹೋಲಿಸಿ. ನಾಲೆಯ ನೀರು ಬಿಡುವ ನೀರುಗಂಟಿಗಳನ್ನು ಕೇಳಿ, ಅವರಿಗೆ ನಾಲೆಯ ಒಂದೊಂದು ತಿರುವೂ ಗೊತ್ತು. ನೀರು ಬಿಟ್ಟಿರುವಾಗ ಅಂಚಿಗೆ ಇಳಿಯಬೇಡಿ. ಕಾಂಕ್ರೀಟ್ ಇಳಿಜಾರು ಪಾಚಿಗಟ್ಟಿ ಜಾರುತ್ತದೆ, ಒಮ್ಮೆ ಜಾರಿದರೆ ಹಿಡಿಯಲು ಏನೂ ಇರುವುದಿಲ್ಲ. ಏರಿ ಮೇಲಿಂದಲೇ ಫೋಟೊ ತೆಗೆಯಿರಿ.

ಜಾಗ ಸಿಕ್ಕರೆ ಕಲಾವಿದರು ಕೂತ ಜಾಗವೂ ಸಿಕ್ಕ ಹಾಗೆ. ಹತ್ತಿರದ ಊರು ಯಾವುದು, ಅಲ್ಲಿ ಶಾಲೆ ಇತ್ತಾ, ಇಲಾಖೆಯ ವಸತಿಗೃಹ ಇತ್ತಾ ಕೇಳಿ. ಕಲಾವಿದರು ಹೆಚ್ಚು ಕಡಿಮೆ ಆ ಆವರಣದ ಒಳಗೇ ಓಡಾಡಿದವರು.

5. ಈಗ ಸಹಿ ನೋಡಿ

ನೀರು, ಎಂಜಲು, ಸೀಮೆಎಣ್ಣೆ, ಆಲೂಗಡ್ಡೆ ತುಂಡು ಇವ್ಯಾವುದನ್ನೂ ಸಹಿಗೆ ಮುಟ್ಟಿಸಬೇಡಿ. ಜಲವರ್ಣ ಆಗಿದ್ದರೆ ಒಂದು ಹನಿಗೆ ಹೋಗುತ್ತದೆ. ಅಡ್ಡ ಬೆಳಕಿನ ಫೋಟೊವನ್ನು ಫೋನಿನಲ್ಲೇ ದೊಡ್ಡದು ಮಾಡಿ, ಕಪ್ಪು ಬಿಳುಪಿಗೆ ತಿರುಗಿಸಿ, ಕಾಂಟ್ರಾಸ್ಟ್ ಏರಿಸಿ ನೋಡಿ.

ನಮ್ಮ ಕಡೆಯ ಹೆಸರಿನ ಮೊದಲಕ್ಷರಗಳಲ್ಲೇ ಅರ್ಧ ಉತ್ತರ ಇರುತ್ತದೆ. ಎರಡು ಇನಿಷಿಯಲ್ ಇದ್ದರೆ ಮೊದಲನೆಯದು ಸಾಮಾನ್ಯವಾಗಿ ಊರು, ಎರಡನೆಯದು ತಂದೆಯ ಹೆಸರು. ಇಂಗ್ಲಿಷ್ ‘ಎಸ್’ ಇದ್ದರೆ ಶಿವಮೊಗ್ಗ, ಸಾಗರ, ಸೊರಬ, ಶಿಕಾರಿಪುರ ನಾಲ್ಕೂ ಆಗಬಹುದು. ‘ಎಚ್’ ಅಂದರೆ ಹೊಸನಗರ, ಹೊನ್ನಾಳಿ, ಹೊಳೆಹೊನ್ನೂರು. ‘ಟಿ’ ಅಂದರೆ ತೀರ್ಥಹಳ್ಳಿ, ತರೀಕೆರೆ. ಊರು ಹುಟ್ಟಿದ್ದೇ ಆಗಬೇಕಿಲ್ಲ, ಹಿರಿಯರ ಮೂಲ ಊರೂ ಆಗಿರಬಹುದು. ಸಾಧ್ಯವಿರುವ ಎಲ್ಲ ಓದನ್ನೂ ಬರೆದಿಟ್ಟುಕೊಳ್ಳಿ, ಒಂದಕ್ಕೇ ಗಂಟು ಬೀಳಬೇಡಿ.

ಇಸವಿ ಕನ್ನಡ ಅಂಕಿಯಲ್ಲಿದ್ದರೆ ೬ ಮತ್ತು ೯ ಕೈಬರಹದಲ್ಲಿ ಒಂದೇ ಥರ ಕಾಣುತ್ತವೆ. ಇಂಗ್ಲಿಷ್ ಅಂಕಿಯಲ್ಲಿ 1 ಮತ್ತು 7 ಮೋಸ ಮಾಡುತ್ತವೆ. ಎರಡನೇ ಹಂತದಲ್ಲಿ ಸಿಕ್ಕ ಕಾಲಕ್ಕೆ ಹೊಂದುತ್ತದಾ ನೋಡಿ.

ತೈಲವರ್ಣಕ್ಕೆ ಕತ್ತಲಲ್ಲಿ ನೇರಳೆ ಟಾರ್ಚ್ ಹಿಡಿದರೆ ಹಳೇ ವಾರ್ನಿಷ್ ಹಸಿರು ಹಳದಿಯಾಗಿ ಮಂಕಾಗಿ ಹೊಳೆಯುತ್ತದೆ. ಆಮೇಲೆ ಹಚ್ಚಿದ ಬಣ್ಣ ಕಪ್ಪು ತೇಪೆಯಾಗಿ ಕಾಣುತ್ತದೆ. ಸಹಿ ಹೀಗೆ ಕಪ್ಪಗೆ ಎದ್ದು ಕಂಡರೆ, ಅಥವಾ ಬಣ್ಣದ ಬಿರುಕಿನೊಳಕ್ಕೆ ಶಾಯಿ ಇಳಿದಿದ್ದರೆ, ಅದನ್ನು ಯಾರೋ ನಂತರ ಸೇರಿಸಿರುವ ಸಾಧ್ಯತೆ ಜಾಸ್ತಿ.

6. ಅವರ ಕೆಲಸ ಏನಿತ್ತು ಅಂತ ಊಹಿಸಿ, ಅಲ್ಲಿ ಹುಡುಕಿ

ಕೈ ಯಾವ ಕೆಲಸದಲ್ಲಿ ಪಳಗಿದೆ ಅನ್ನುವುದು ಚಿತ್ರದಲ್ಲೇ ಕಾಣುತ್ತದೆ. ಸ್ಕೇಲ್ ಹಿಡಿದಂಥ ಗೆರೆ, ತೂಬಿನ ಅಳತೆ ಕರಾರುವಾಕ್ಕು, ಆದರೆ ಮನುಷ್ಯರು ಗೊಂಬೆಗಳ ಹಾಗೆ ಅಂದರೆ ನಕ್ಷೆ ಬರೆಯುವವರ ಕೈ ಇರಬಹುದು. ಆಕಾಶ ದೊಡ್ಡದು, ಎರಡೂ ಬದಿ ಮರ ಬಾಗಿ ನಡುವೆ ದಾರಿ ತೆರೆದಿದ್ದು, ದೂರದಿಂದ ಚೆಂದ, ಹತ್ತಿರದಿಂದ ಒರಟು ಅಂದರೆ ಪರದೆ ಬರೆದವರ ಕೈ. ಸಹಿಯ ಅಕ್ಷರವೇ ಚಿತ್ರಕ್ಕಿಂತ ಸೊಗಸಾಗಿದ್ದರೆ ಬೋರ್ಡ್ ಬರೆಯುವವರು. ತೆಳು ಜಲವರ್ಣ, ಕ್ರಮವಾಗಿ ಬಣ್ಣ ಇಳಿಸಿದ್ದರೆ ಡ್ರಾಯಿಂಗ್ ಮೇಷ್ಟ್ರು. ಇದು ಬರೀ ಊಹೆ, ಆದರೆ ಯಾವ ಬಾಗಿಲು ಮೊದಲು ತಟ್ಟಬೇಕು ಅಂತ ಹೇಳುತ್ತದೆ.

ಮೇಷ್ಟ್ರಾಗಿದ್ದರೆ ಆ ಊರಿನ ಹಳೇ ಪ್ರೌಢಶಾಲೆಗೆ ಹೋಗಿ. ಮುಖ್ಯೋಪಾಧ್ಯಾಯರಿಗೆ ಒಂದು ಪತ್ರ ಬರೆದುಕೊಂಡು, ಶಾಲೆ ನಡೆಯದ ಹೊತ್ತು ಕೇಳಿಕೊಂಡು ಹೋಗಿ. ವಾರ್ಷಿಕ ಸಂಚಿಕೆ, ಗೋಡೆಯ ಗ್ರೂಪ್ ಫೋಟೊ, ಹಳೇ ಹಾಜರಿ ಪುಸ್ತಕ ತೋರಿಸಲು ವಿನಂತಿಸಿ. ಆಗ ಓದಿದವರಿಗೆ ಡ್ರಾಯಿಂಗ್ ಮೇಷ್ಟ್ರ ಹೆಸರು ಖಂಡಿತ ನೆನಪಿರುತ್ತದೆ, ಗಣಿತದವರ ಹೆಸರು ಮರೆತಿದ್ದರೂ.

ಕಲಿತದ್ದು ಎಲ್ಲಿ ಅನ್ನುವುದೂ ಒಂದು ದಾರಿ. ಹಳೇ ಮೈಸೂರು ಭಾಗದವರು ಹೆಚ್ಚಾಗಿ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಗೆ ಹೋಗುತ್ತಿದ್ದರು. ಮೈಸೂರಿನಲ್ಲಿ ಕಾವಾ ಅನ್ನುವ ದೃಶ್ಯಕಲೆಯ ಕಾಲೇಜು ಶುರುವಾದದ್ದು 1981ರಲ್ಲಿ. ದಾವಣಗೆರೆಯ ಕಲಾಶಾಲೆ 1964ರದ್ದು, ಶಿವಮೊಗ್ಗದವರಿಗೆ ಹತ್ತಿರ. ಬೆಂಗಳೂರಿನ ಚಿತ್ರಕಲಾ ಪರಿಷತ್ತು 1960ರದ್ದು. ಕರ್ನಾಟಕ ಲಲಿತಕಲಾ ಅಕಾಡೆಮಿ 1964ರಲ್ಲಿ ಶುರುವಾಯಿತು, ಅದರ ವಾರ್ಷಿಕ ಪ್ರದರ್ಶನಗಳ ಪಟ್ಟಿಯಲ್ಲಿ ಸಣ್ಣ ಊರಿನವರ ಹೆಸರೂ ಇರಬಹುದು. ಮೈಸೂರು ದಸರಾ ವಸ್ತುಪ್ರದರ್ಶನದ ಪದಕ, ಪ್ರಮಾಣಪತ್ರದ ವಿಷಯ ಮನೆಯಲ್ಲಿ ಯಾರಾದರೂ ಹೇಳಿದ್ದರೆ ಅದನ್ನೂ ಹಿಡಿಯಿರಿ.

ಭದ್ರಾವತಿಯವರಾದರೆ ಕಬ್ಬಿಣದ ಕಾರ್ಖಾನೆ, ಕಾಗದ ಕಾರ್ಖಾನೆಯ ನಿವೃತ್ತರನ್ನು ಕೇಳಿ. ಸಾಗರದ ಕಡೆಯಾದರೆ ಹವ್ಯಾಸಿ ನಾಟಕ ಮಾಡುತ್ತಿದ್ದ ಮನೆಗಳಲ್ಲಿ ವಿಚಾರಿಸಿ. ಕರಪತ್ರದ ಕೊನೆಯ ಸಾಲಿನಲ್ಲಿ ‘ರಂಗಸಜ್ಜಿಕೆ’ ಅಂತ ಒಂದು ಹೆಸರು ಇದ್ದೇ ಇರುತ್ತದೆ.

7. ಗ್ರಂಥಾಲಯ ಮತ್ತು ಅಂತರ್ಜಾಲ

ಹೆಸರಿನ ಎರಡು ಮೂರು ಸಾಧ್ಯತೆ, ಒಂದು ಊರು, ಒಂದು ದಶಕ ಕೈಯಲ್ಲಿದ್ದಾಗ ಮಾತ್ರ ಇಲ್ಲಿಗೆ ಬನ್ನಿ. ಶಿವಮೊಗ್ಗದ ಜಿಲ್ಲಾ ಕೇಂದ್ರ ಗ್ರಂಥಾಲಯ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಗ್ರಂಥಾಲಯ, ಶಿವಮೊಗ್ಗದ ಕರ್ನಾಟಕ ಸಂಘ, ಇಲ್ಲೆಲ್ಲ ಸ್ಮರಣ ಸಂಚಿಕೆಗಳನ್ನು ಕೇಳಿ. ಸಾಹಿತ್ಯ ಸಮ್ಮೇಳನ, ಶಾಲೆಯ ಬೆಳ್ಳಿಹಬ್ಬ, ಸಹಕಾರ ಸಂಘದ ಸುವರ್ಣ ಮಹೋತ್ಸವ, ಯಾವುದಾದರೂ ಸರಿ. ಮುಖಪುಟ ಬರೆದವರ ಹೆಸರು ಒಳಪುಟದಲ್ಲಿ ಇರುತ್ತದೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೇ ಕನ್ನಡ ಪತ್ರಿಕೆ, ಪುಸ್ತಕ ಸಾಕಷ್ಟಿವೆ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹುಡುಕಿ, ಇಂಗ್ಲಿಷಿನಲ್ಲಿ ಕಾಗುಣಿತ ಬದಲಿಸಿ ಬದಲಿಸಿ ನೋಡಿ.

8. ಒಪ್ಪುವ ಮೊದಲು ಎರಡನೇ ಚಿತ್ರ ನೋಡಿ

ಹೆಸರು ಹೊಂದಿತು ಅಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಂದೇ ಹೆಸರಿನವರು ಒಂದೇ ತಾಲ್ಲೂಕಿನಲ್ಲಿ ಇರುತ್ತಾರೆ. ಅದೇ ಕಲಾವಿದರದು ಅಂತ ಗೊತ್ತಿರುವ ಇನ್ನೊಂದು ಚಿತ್ರ, ಇಲ್ಲವಾದರೆ ಅವರ ಕೈಬರಹದ ಕಾಗದವಾದರೂ ಬೇಕು. ಸಹಿಯ ಒಂದೊಂದು ಅಕ್ಷರ, ಎಲೆ ಬರೆಯುವ ರೀತಿ, ನೀರಿನ ಬೆಳಕು ತೋರಿಸುವ ಕ್ರಮ ಹೋಲಿಸಿ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಾಕ್ಷಿ ಒಂದೇ ಕಡೆ ಬೊಟ್ಟು ಮಾಡಿದರೆ ‘ಖಚಿತ’ ಅಂತ ಬರೆಯಿರಿ. ಒಂದೇ ಇದ್ದರೆ ‘ಬಹುಶಃ’ ಅಂತ ಬರೆದು ಬಿಡಿ. ಅದರಲ್ಲಿ ಯಾವ ಕೊರತೆಯೂ ಇಲ್ಲ.

ಈ ಹಂತದಲ್ಲಿ ಕೆಲವು ಅಪಾಯದ ಲಕ್ಷಣ ಗುರುತಿಟ್ಟುಕೊಳ್ಳಿ. ಚಿತ್ರ ನೋಡಿದ ಕೂಡಲೇ ಯಾರೋ ಪ್ರಸಿದ್ಧ ಕಲಾವಿದರ ಹೆಸರು ಹೇಳುವವರು. ಮುಂಗಡ ಹಣ ಕೊಟ್ಟರೆ ಸರ್ಟಿಫಿಕೇಟ್ ಕೊಡುತ್ತೇವೆ ಅನ್ನುವವರು. ‘ನಾಲ್ಕು ದಿನ ನಮ್ಮಲ್ಲೇ ಬಿಟ್ಟು ಹೋಗಿ’ ಅನ್ನುವವರು. ಹುಡುಕಾಟ ಮುಗಿಯುವ ಮೊದಲೇ ಬೆಲೆ ಕಟ್ಟುವವರು. ಇವರ ಹತ್ತಿರ ಫೋಟೊ ಮಾತ್ರ ಇರಲಿ, ಚಿತ್ರ ಬೇಡ. ನೂರು ವರ್ಷ ದಾಟಿದ ಚಿತ್ರವಾದರೆ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯಿಸುತ್ತದೆ, ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ.

9. ಕಲಾವಿದರ ಮನೆಯವರು ಸಿಕ್ಕಾಗ

ಮೊದಲು ಫೋನ್ ಮಾಡಿ, ಒಪ್ಪಿದರೆ ಹೋಗಿ. ಚಿತ್ರದ ಒಳ್ಳೆ ಪ್ರಿಂಟ್ ಒಂದನ್ನು ಅವರಿಗೆ ಕೊಡಲು ತೆಗೆದುಕೊಂಡು ಹೋಗಿ. ಎಷ್ಟೋ ಮನೆಗಳಲ್ಲಿ ಅಪ್ಪ ಬರೆದ ಒಂದು ಚಿತ್ರವೂ ಉಳಿದಿರುವುದಿಲ್ಲ, ಎಲ್ಲ ಬೇರೆಯವರಿಗೆ ಕೊಟ್ಟಿರುತ್ತಾರೆ. ಬೆಲೆಯ ಮಾತು ಎತ್ತಬೇಡಿ. ಅವರಲ್ಲಿರುವ ಸ್ಕೆಚ್ ಪುಸ್ತಕ, ಪತ್ರಗಳನ್ನು ಅವರೆದುರೇ ಫೋಟೊ ತೆಗೆದುಕೊಳ್ಳಿ, ಮನೆಗೆ ತರಬೇಡಿ.

ಚಿತ್ರ ನಿಮ್ಮದಾದರೂ ಅದರ ಹಕ್ಕುಸ್ವಾಮ್ಯ ಸಾಮಾನ್ಯವಾಗಿ ಕಲಾವಿದರದ್ದು. ಅವರು ತೀರಿಕೊಂಡ ನಂತರ 60 ವರ್ಷ ಅದು ವಾರಸುದಾರರಿಗೆ ಸೇರುತ್ತದೆ. ಪುಸ್ತಕಕ್ಕೋ ಕ್ಯಾಲೆಂಡರಿಗೋ ಹಾಕುವುದಿದ್ದರೆ ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಕೊನೆಗೆ, ಸಿಕ್ಕಿದ್ದನ್ನೆಲ್ಲ ಎರಡು ಪುಟದಲ್ಲಿ ಬರೆಯಿರಿ: ಹೆಸರು, ಊರು, ಕೆಲಸ, ಯಾರು ಏನು ಹೇಳಿದರು, ಯಾವುದು ಖಚಿತ, ಯಾವುದು ಬಹುಶಃ. ಚಿತ್ರದ ಬೆನ್ನಿಗೆ ನೇರವಾಗಿ ಬರೆಯಬೇಡಿ. ಒಳ್ಳೆ ಕಾಗದದ ಲಕೋಟೆಯಲ್ಲಿಟ್ಟು ಕಟ್ಟಿನ ಚೌಕಟ್ಟಿಗೆ ಮಾತ್ರ ಅಂಟಿಸಿ. ಒಂದು ಪ್ರತಿ ಕಲಾವಿದರ ಮನೆಯವರಿಗೆ, ಒಂದು ಪ್ರತಿ ಜಿಲ್ಲಾ ಗ್ರಂಥಾಲಯಕ್ಕೆ ಕೊಡಿ. ಮತ್ತೆ ನೇತುಹಾಕುವಾಗ ಮಳೆ ಹೊಡೆಯುವ ಹೊರಗೋಡೆಯನ್ನು ಬಿಟ್ಟು ಒಳಗೋಡೆ ನೋಡಿ, ಕಟ್ಟಿನ ಕೆಳಗಿನ ಎರಡು ಮೂಲೆಗೆ ಕಾರ್ಕ್ ತುಂಡು ಅಂಟಿಸಿ. ಹಿಂದೆ ಗಾಳಿ ಆಡಿದರೆ ಬೂಸ್ಟು ಹಿಡಿಯುವುದು ಕಡಿಮೆ.